ಎಡಕ್ಕೆ ಹೊರಳುವ ಗಾಲಿಯ ಗೆರೆ

ಭಾನುವಾರ ನಸುಕಿನ ಐದು ಗಂಟೆ. ಬ್ಯಾಡಗಿಯಾಚೆಯ ಬೋಳಗುಡ್ಡದಲ್ಲಿ ಮಂಗಳವ್ವ ಟಾರ್ಚ್ ಹಿಡಿದು ಕಾಲುದಾರಿ ಗುಡಿಸುತ್ತಿದ್ದಾರೆ. ಗುಡ್ಡ ಗುಡಿಸುವವರೂ ಇದ್ದಾರೆಯೇ ಎಂದು ನಗಬೇಡಿ. ಜಾಲಿಮುಳ್ಳಿಗೆ ಸೈಕಲ್ ಗಾಲಿಯ ಮೇಲೆ ಎಂಥ ಪ್ರೀತಿ ಎಂಬುದನ್ನು ಪಂಕ್ಚರ್ ಆದವರನ್ನೇ ಕೇಳಬೇಕು. ಮೂರು ದಾರಿ ಕೂಡುವಲ್ಲಿ ಅವರ ಕಸಬರಿಗೆ ನಿಲ್ಲುತ್ತದೆ. ನಿನ್ನೆ ಸಂಜೆ ನುಣ್ಣಗೆ ಗುಡಿಸಿಟ್ಟ ಮಣ್ಣಿನ ಮೇಲೆ ಒಂದೇ ಒಂದು ಗಾಲಿಯ ಗೆರೆ, ಎಡಕ್ಕೆ ಹೊರಳಿದೆ.

"ಸರ್ ಬಂದು ಹೋಗ್ಯಾರ," ಎನ್ನುತ್ತಾರೆ, ಹಾಲಿನವನು ಬಂದು ಹೋದ ಎಂಬಷ್ಟು ಸಲೀಸಾಗಿ.

ಮಂಗಳವ್ವನಿಗೆ ಐವತ್ತಾರು. ವಾರವೆಲ್ಲ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಬೆರಳ ಉರಿ ರವಿವಾರಕ್ಕೂ ಆರುವುದಿಲ್ಲ. ಆ ಉರಿಯಲ್ಲೇ ಐದು ವರ್ಷದಿಂದ ಸೈಕಲ್ ಬಳಗದ ಒಂಬತ್ತು ಕಿಲೋಮೀಟರ್ ದಾರಿ ಕಾಯುತ್ತಿದ್ದಾರೆ. ಹನ್ನೊಂದು ಕವಲು, ಪ್ರತಿ ಕವಲಿಗೂ ಸುಣ್ಣದ ಬಾಣ. ಪ್ರತಿ ಭಾನುವಾರ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಿಂದ ನಲವತ್ತು ಜನ ಬರುತ್ತಾರೆ. ಮಂಗಳವ್ವನ ಸೊಂಟದಲ್ಲಿ ಎರಡು ಮನೆಯ ಬಟ್ಟೆಯ ಸಂಚಿ; ಒಬ್ಬರು ಹತ್ತಿದರೆ ಎಡಮನೆಗೆ ಒಂದು ಹರಳುಕಲ್ಲು. ಇಳಿದರೆ ಅದೇ ಹರಳು ಬಲಮನೆಗೆ. ಎಡಮನೆ ಖಾಲಿಯಾಗುವ ತನಕ ಚಹಾ ಮುಟ್ಟುವುದಿಲ್ಲ.

ಎರಡು ವರ್ಷದ ಹಿಂದೆ ಒಂದು ಹರಳು ಉಳಿದುಬಿಟ್ಟಿತು.

"ಸುಣ್ಣ ಮಳ್ಯಾಗ ನೆಂದಿತ್ರಿ. ಬಾಣ ಎದ್ದು ಕಾಣ್ಲಿ ಅಂತ ದೇವರ ಮನ್ಯಾಗಿನ ಕುಂಕುಮ ತಂದು ಬರದೆ. ಏನ್ ಶಾಣ್ಯಾಕಿ ನಾನು ಅಂತ ಹಿಗ್ಗಿದ್ದೆ. ಮೂರು ದಾರಿ ಕೂಡೂ ಜಾಗದಾಗ ಕುಂಕುಮ ಕಂಡ್ರ ನಮ್ಮ ಕಡೆ ಮಂದಿ ದಾಟತಾರನ್ರಿ? ಯಾರೋ ನಿವಾಳಿಸಿ ಒಗದಾರ ಅಂತಾರ. ನಾನ ಆದ್ರೂ ದಾಟತಿದ್ದಿಲ್ಲ."

ರಾಣೆಬೆನ್ನೂರಿನ ಬ್ಯಾಂಕ್ ನೌಕರ ಶಶಿಕಾಂತ, ಮಂಗಳವ್ವನ ಬಾಯಲ್ಲಿ 'ಸರ್', ಅಂದು ಎಲ್ಲರಿಗಿಂತ ಮುಂದಿದ್ದರು, ಇನ್ನೂ ಮಬ್ಬು. ಬಲದಾರಿಗೆ ಅಡ್ಡ ಬಿದ್ದ ಕೆಂಪನ್ನು ತುಳಿಯದೆ ಎಡಕ್ಕೆ ಹೊರಳಿದರು. ಎಡಕ್ಕೆ ಇರುವುದು ಹಳೆಯ ಕಲ್ಲು ಕ್ವಾರಿ. ಮಧ್ಯಾಹ್ನ ಅವರನ್ನು ಮೇಲೆತ್ತಿದಾಗ ಉಸಿರಿರಲಿಲ್ಲ. ಯಾರೂ ಮಂಗಳವ್ವನನ್ನು ದೂರಲಿಲ್ಲ, ಶಶಿಕಾಂತರ ತಾಯಿ ಕೂಡ. ಅದೇ ಅವರಿಗೆ ಹೆಚ್ಚು ನೋಯುತ್ತದೆ.

ಗೆರೆ ಮೂಡತೊಡಗಿದ್ದು ಆಮೇಲೆ. ಬಳಗದ ಕಾರ್ಯದರ್ಶಿ, ಹಾವೇರಿಯ ದಂತವೈದ್ಯೆ ಪದ್ಮಜಾ ಇದನ್ನು ನಂಬುವುದಿಲ್ಲ. "ಆಡು ಕಾಯವ್ರು ಯಾರೋ ಸೈಕಲ್ ಹೊಡಕೊಂಡು ಹೋಗಿರತಾರ, ಮಂಗಳಕ್ಕ," ಎನ್ನುತ್ತಾರೆ. ಇರಬಹುದು. ಆದರೆ ಟಾರ್ಚ್ ಬೆಳಕಿನಲ್ಲಿ ಗೆರೆಯ ಗುಂಟ ನಡೆದರೆ ಕ್ವಾರಿಯ ಅಂಚು ಬರುತ್ತದೆ. ಹೋದ ಗೆರೆ ಇದೆ, ಬಂದ ಗೆರೆ ಇಲ್ಲ. ಅಕ್ಕಪಕ್ಕ ಒಂದು ಹೆಜ್ಜೆಯ ಗುರುತೂ ಇಲ್ಲ. ಕೆಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ, ನಿಜ ಹೇಳಬೇಕೆಂದರೆ ಭಯವಾಗುತ್ತದೆ.

ಕವಲಿಗೆ ಕಬ್ಬಿಣದ ಬೋರ್ಡ್ ಬಂದು, ಎಡದಾರಿಗೆ ತಂತಿ ಬೇಲಿ ಬಿಗಿದು ವರ್ಷವಾಯಿತು. ಇನ್ನು ನೀವಲ್ಲಿ ನಿಲ್ಲಬೇಕಿಲ್ಲ ಎಂದು ಪದ್ಮಜಾ ಹೇಳಿ ಹೇಳಿ ಸೋತಿದ್ದಾರೆ. ನಡೆದು ಹೋಗುವವರು ತಂತಿ ಎತ್ತಿ ನುಸುಳಬೇಕು; ಗೆರೆ ಮಾತ್ರ ಬೇಲಿಯ ಕೆಳಗೇ ಹಾದುಹೋಗುತ್ತದೆ, ತಂತಿ ಅಲುಗಿದ ಗುರುತೂ ಇರುವುದಿಲ್ಲ.

"ಬೋರ್ಡ್ ಬೆಳಕಿನ್ಯಾಗ ಬರವ್ರಿಗೆ ಆತ್ರಿ. ಕತ್ತಲ್ದಾಗ ಬರವ್ರು ಹೆಂಗ ಓದಬೇಕು?"

ಅದಕ್ಕೇ ಇವತ್ತು ಮನೆಯಿಂದ ಕಂದೀಲು ತಂದಿದ್ದಾರೆ. ಬೋರ್ಡಿನ ಕೊಂಡಿಗೆ ತೂಗುಹಾಕಿ, ಬತ್ತಿ ಏರಿಸುತ್ತಾರೆ. ಬಲಕ್ಕೆ ತಿರುಗಿದ ಸುಣ್ಣದ ಬಾಣ ಬೆಳ್ಳಗೆ ಕಾಣುತ್ತದೆ. ಮುಂದಿನ ಶನಿವಾರ ಸಂಜೆಯೇ ಹಚ್ಚಿಟ್ಟು ಹೋಗುತ್ತಾರಂತೆ.

ಕೆಳಗೆ ಸೈಕಲ್ ಗಂಟೆಗಳು ಕೇಳಿಸುತ್ತವೆ, ಬಳಗ ಬರುತ್ತಿದೆ. ಮಂಗಳವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಸಂಚಿ ಬಿಚ್ಚುತ್ತಾರೆ. ಇನ್ನೂ ಯಾರೂ ಗುಡ್ಡ ಹತ್ತಿಲ್ಲ, ಆದರೂ ಎಡಮನೆಯಲ್ಲಿ ಒಂದು ಹರಳಿದೆ.

"ಅದು ಸರ್‌ದು ರೀ. ಒಂದಿನ ಆ ಗೆರಿ ಬಲಕ್ಕ ಹೊಳ್ಳಿದ್ದು ಕಂಡ್ರ ಸಾಕು, ತಗದು ಈ ಕಡೆ ಹಾಕತೇನಿ."