ಅಳೆಯದ ದಿನದ ಮಳೆ

ಕಳೆದ ಮಂಗಳವಾರ, ಬೆಳಿಗ್ಗೆ ಏಳೂವರೆ. ಸಕಲೇಶಪುರದ ನಮ್ಮ ಮನೆಯ ಊಟದ ಮೇಜಿನ ಬಳಿ ಹಾಜರಿದ್ದವರು ಇಬ್ಬರು: ನಾನು ಮತ್ತು ನನ್ನ ಅಣ್ಣನ ಮಗಳು ಸುಮಾ. ಹಿಂದಿನ ವಾರ ವನಗೂರು ಕಡೆಯ ಒಂದು ಎಸ್ಟೇಟಿನಲ್ಲಿ ಗುಡ್ಡ ಜರಿದು, ಆಳುಗಳ ಸಾಲುಮನೆಗಳ, ಅಂದರೆ ಲೈನಿನ, ಕೊನೆಯ ಮನೆಯ ಮೇಲೆ ಬಿದ್ದಿತ್ತು. ಒಳಗಿದ್ದ ಗೌರಮ್ಮ ಬದುಕಲಿಲ್ಲ. ಅಂದಿನಿಂದ ಸುಮಾ ಸರಿಯಾಗಿ ಉಂಡಿಲ್ಲ.

ಅವಳ ಕೆಲಸ ಏನೆಂದು ಹೇಳುತ್ತೇನೆ. ಎಸ್ಟೇಟುಗಳಲ್ಲಿ ದಿನಾ ಬೆಳಿಗ್ಗೆ ಲೆಕ್ಕ ಬರೆಯುವ ರೈಟರ್ ಮಳೆ ಅಳೆದು, ಅಂಕಿಯನ್ನು ಇವಳಿಗೆ ಕಳಿಸುತ್ತಾರೆ. ಇವಳ ಲ್ಯಾಪ್‌ಟಾಪಿನಲ್ಲಿ ಎಸ್ಟೇಟಿಗೊಂದು ನೋಟ್‌ಬುಕ್. (ಕಾಗದದ್ದಲ್ಲ. ಪರದೆಯ ಮೇಲೆ ತುಂಡು ತುಂಡಾಗಿ ಕೋಡ್, ಪ್ರತಿ ತುಂಡಿನ ಕೆಳಗೇ ಅದರ ಉತ್ತರ.) ಅದು ಕೆಲವು ದಿನಗಳ ಮಳೆ ಕೂಡಿಸಿ, ಮಿತಿ ಮೀರಿದರೆ ಕೆಂಪು ತೋರಿಸುತ್ತದೆ. ಇವಳು ಆ ಎಸ್ಟೇಟಿಗೆ ಫೋನ್ ಮಾಡುತ್ತಾಳೆ. ಅಲ್ಲಿಯವರು ಲೈನಿನವರನ್ನು ಸ್ಟೋರಿಗೆ, ಅಂದರೆ ಎಸ್ಟೇಟಿನ ಗಟ್ಟಿ ಗೋದಾಮಿಗೆ, ಕಳಿಸುತ್ತಾರೆ.

ವನಗೂರಿನದು ಕೆಂಪಾಗಲೇ ಇಲ್ಲ. ಏಕೆ?

ನಾನು ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದವಳು. ನನಗೆ ಕೋಡ್ ಗೊತ್ತಿಲ್ಲ, ತಪಾಸಣೆ ಗೊತ್ತು. ಮೊದಲ ಸಾಲಿನಿಂದ ಗಟ್ಟಿಯಾಗಿ ಓದು ಎಂದೆ. ರಿಟೈರ್ ಆದರೂ ರೌಂಡ್ಸ್ ಬಿಟ್ಟಿಲ್ಲ ಎಂದು ಗೊಣಗಿ, ಓದಿದಳು. ಒಂದು ಸಾಲಿಗೆ ಬಂದು ಓದು ನಿಲ್ಲಿಸಿದಳು.

ಜೋರು ಮಳೆಯ ಎರಡು ದಿನ ಅಂಕಿ ಬಂದಿರಲಿಲ್ಲ. ದಾರಿಗೆ ಮರ ಬಿದ್ದು, ರೈಟರ್ ಮಳೆಮಾಪಕದ ಹತ್ತಿರ ಹೋಗಲಾಗಿರಲಿಲ್ಲ. ಅಂಕಿ ಇಲ್ಲದ ದಿನವನ್ನು ಕೋಡ್ ಸೊನ್ನೆ ಎಂದು ಕೂಡಿಸಿತ್ತು. ಅಳೆಯಲಾಗದಷ್ಟು ಮಳೆ ಹೊಯ್ದ ದಿನ, ಲೆಕ್ಕದಲ್ಲಿ ಒಣ ದಿನ.

"ಇದನ್ನ ಸರಿ ಮಾಡಿದ್ದೆ ಅತ್ತೆ," ಎಂದಳು. "ಹೆಗ್ಗದ್ದೆ ಎಸ್ಟೇಟಿನದ್ರಲ್ಲಿ. ಮಳೆಗಾಲ ಶುರುವಾದಾಗ್ಲೇ. ಅಂಕಿ ಬರದಿದ್ರೂ ಕೆಂಪು ತೋರ್ಸೋ ಹಾಗೆ."

"ಇದರಲ್ಲಿ?"

"ಇದು ಹಳೇ ಕಾಪಿ."

ಹೆಗ್ಗದ್ದೆಯ ನೋಟ್‌ಬುಕ್ ಮೊದಲು ಬರೆದದ್ದು. ಚೆನ್ನಾಗಿ ನಡೆಯಿತು. ಅದನ್ನೇ ಕಾಪಿ ಮಾಡಿ ವನಗೂರಿಗೆ, ಬಿಸಿಲೆಗೆ, ಇನ್ನೂ ಕೆಲವು ಕಡೆಗೆ ಹಾಕಿದಳು. ಆಮೇಲೆ ತಪ್ಪು ಕಂಡಿತು, ಕಂಡಲ್ಲಿ ತಿದ್ದಿದಳು. ಮಿಕ್ಕವು ಹಳೆಯ ತಪ್ಪನ್ನೇ ದಿನಾ ನಿಷ್ಠೆಯಿಂದ ಮಾಡುತ್ತಿದ್ದವು.

ನಮ್ಮಲ್ಲಿ ಯಾರು ಹಾಗೆ ಮಾಡುವುದಿಲ್ಲ? ಡಾಕ್ಟರು ಕೇಸ್ ಶೀಟಿನಲ್ಲಿ ಔಷಧಿ ಬದಲಿಸುತ್ತಾರೆ. ಮಂಚಕ್ಕೆ ನೇತುಹಾಕಿದ ಚಾರ್ಟಿನಲ್ಲಿ ಹಳೆಯದೇ ಇರುತ್ತದೆ. ತಿದ್ದಿದವರಿಗೆ ಕೆಲಸ ಮುಗಿಯಿತೆಂಬ ನೆಮ್ಮದಿ. ಅಪಾಯ ಆ ನೆಮ್ಮದಿಯಲ್ಲೇ ಇದೆ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಕೂಡಿಸುವ ಕೋಡನ್ನು ಒಂದೇ ಫೈಲಿನಲ್ಲಿಟ್ಟು, ಎಲ್ಲ ನೋಟ್‌ಬುಕ್‌ಗಳೂ ಅದನ್ನೇ ಬಳಸುವಂತೆ ಮಾಡುವುದು. ಒಮ್ಮೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ. ಕಾಪಿ ಮಾಡಿದರೆ ಬೇಗ ಆಗುತ್ತಿತ್ತು, ಅದಕ್ಕೇ ಬಿಟ್ಟೆ ಎಂದಳು. ಕೂತು ಮಾಡಿಸಿದೆ. ಮಧ್ಯಾಹ್ನ ಎಲ್ಲವನ್ನೂ ಓಡಿಸಿದಾಗ ಬಿಸಿಲೆಯದು ಕೆಂಪಾಯಿತು. ತಕ್ಷಣ ಫೋನ್ ಮಾಡಿದಳು.

ಮೂರು ಗಂಟೆಗೆ ಇಬ್ಬರೂ ವನಗೂರಿಗೆ ಹೊರಟೆವು. ಗೌರಮ್ಮನ ಗಂಡ ಈರಯ್ಯ ಸ್ಟೋರಿನ ಜಗಲಿಯಲ್ಲಿದ್ದರು. ಸುಮಾ ಏನನ್ನೂ ಮುಚ್ಚಿಡದೆ ಹೇಳಿದಳು. ಅವರು ಬೈಯಲಿಲ್ಲ. ಗುಡ್ಡ ಜರಿದ ದಿನ ಹೆಗ್ಗದ್ದೆ ಲೈನಿನವರು ಎಲ್ಲಿದ್ದರು ಎಂದು ಕೇಳಿದರು. ಅಲ್ಲಿಂದಲೂ ಅಂಕಿ ಬಂದಿರಲಿಲ್ಲ, ಆದರೆ ಕೆಂಪು ಬಂದಿತ್ತು, ಹಿಂದಿನ ಸಂಜೆಯೇ ಅವರನ್ನು ಸ್ಟೋರಿಗೆ ಕಳಿಸಿದ್ದರು ಎಂದಳು.

"ಹಂಗಾರೆ ಸರಿಯಾದ್ದು ನಿಮ್ತಾವ ಇತ್ತು ಕಣವ್ವ," ಎಂದರು ಈರಯ್ಯ. "ನಮ್ತಾವ್ಕೆ ಬರ್ಲಿಲ್ಲ, ಅಷ್ಟೆ."

ಮರಳುವಾಗ ಸುಮಾ ಬಿಸಿಲೆಗೆ ಮತ್ತೆ ಫೋನ್ ಮಾಡಿ, ಲೈನ್ ಖಾಲಿಯಾಯಿತೇ ಎಂದು ವಿಚಾರಿಸಿದಳು. ಆಗಿತ್ತು. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.

ಹೆಗ್ಗದ್ದೆಯದನ್ನು ತಿದ್ದಿದ ದಿನವೇ ವನಗೂರಿನದನ್ನೂ ತಿದ್ದಲು ಎಷ್ಟು ನಿಮಿಷ ಬೇಕಿತ್ತು?