ಓರಗಿತ್ತಿಯನ್ನು ಬೆಟ್ಟದಲ್ಲಿ ಬಿಟ್ಟು ಹೋದ ದಿನ

ಪೆರು ದೇಶಕ್ಕೆ ಹೊರಡಬೇಕೆಂದು ತೀರ್ಮಾನಿಸಿದಾಗ ನಾವು ನಾಲ್ಕು ಜನ: ನಾನು, ನನ್ನ ಗಂಡ, ಅವರ ಅಣ್ಣ, ಅಣ್ಣನ ಹೆಂಡತಿ. ಹಳೆಯ ಇಂಕಾ ಜನರ ಕಲ್ಲುದಾರಿಯಲ್ಲಿ ನಾಲ್ಕು ದಿನ ನಡೆದು ಮಾಚು ಪಿಚು ತಲುಪುವ ಟ್ರೆಕ್ ಅದು. ಏಳು ತಿಂಗಳ ಮುಂಚೆಯೇ ಪರ್ಮಿಟ್ ತೆಗೆಸಿಟ್ಟಿದ್ದೆವು. ಐದು ವಾರ ಇದೆ ಎನ್ನುವಾಗ ಭಾವನವರ ಮಂಡಿಗೆ ಆಪರೇಷನ್ ಆಯಿತು. ಎರಡು ವಾರ ಇದೆ ಎನ್ನುವಾಗ ನನ್ನ ಗಂಡನ ಆಫೀಸಿನಲ್ಲಿ ರಜೆ ರದ್ದಾಯಿತು. ಪರ್ಮಿಟ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಇರುವುದರಿಂದ ಬೇರೆಯವರನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ. "ನೀವಿಬ್ರೇ ಹೋಗ್ಬನ್ನಿ" ಎಂದು ಅಣ್ಣ ತಮ್ಮ ಇಬ್ಬರೂ ಸುಲಭವಾಗಿ ಹೇಳಿಬಿಟ್ಟರು.

ಅವರಿಗೆ ಸುಲಭವೇ. ನಾನೂ ನನ್ನ ಓರಗಿತ್ತಿಯೂ ಇಪ್ಪತ್ತು ವರ್ಷಗಳಲ್ಲಿ ಒಂದು ಗಂಟೆಯಾದರೂ ಇಬ್ಬರೇ ಕೂತು ಮಾತಾಡಿದವರಲ್ಲ. ಇಬ್ಬರೂ ಇರುವುದು ಟೆಕ್ಸಸ್‌ನಲ್ಲೇ, ಅವರ ಮನೆ ಹ್ಯೂಸ್ಟನ್‌ನಲ್ಲಿ, ನಮ್ಮದು ಮೂರು ಗಂಟೆ ದೂರದ ಲಿಯಾಂಡರ್‌ನಲ್ಲಿ. ದೀಪಾವಳಿಗೆ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ಅಡುಗೆಮನೆಯಲ್ಲಿ ಪಕ್ಕಪಕ್ಕ ನಿಂತಾಗ ಉಪ್ಪು ಖಾರದ ಮಾತು ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಅವರು ಧಾರವಾಡದವರು, ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರ್, ನನಗಿಂತ ಒಂಬತ್ತು ವರ್ಷ ದೊಡ್ಡವರು, ನಾನು ಕರೆಯುವುದು ಅಕ್ಕ ಎಂದು. ನಾನು ಮೈಸೂರಿನವಳು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನನ್ನ ಮಗಳು ಕೂಸಾಗಿದ್ದಾಗ ಒಮ್ಮೆ ಜ್ವರ ಇಳಿಯದೆ ಹೆದರಿ ಫೋನ್ ಮಾಡಿದ್ದೆ. "ಅಳಕೋತ ಕೂತ್ರ ಜ್ವರ ಇಳೀತದೇನು? ಔಷಧ ಎಷ್ಟು ಕೊಟ್ಟಿ, ಅದನ್ನ ಹೇಳು" ಎಂದಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ಆಮೇಲೆ ಮಗಳಿಗೆ ಹುಷಾರಿಲ್ಲದಾಗಲೆಲ್ಲ ನಾನು ಬೇರೆ ಯಾರನ್ನಾದರೂ ಕೇಳಿದೆನೇ ಹೊರತು ಅವರನ್ನು ಕೇಳಲಿಲ್ಲ.

ಟ್ರೆಕ್‌ಗೆ ತಯಾರಿ ಮಾತ್ರ ಇಬ್ಬರೂ ಶ್ರದ್ಧೆಯಿಂದ ಮಾಡಿದೆವು. ನನಗೆ ಮನೆಯ ಹತ್ತಿರ ಸಣ್ಣಪುಟ್ಟ ಗುಡ್ಡಗಳಾದರೂ ಇದ್ದವು. ಹ್ಯೂಸ್ಟನ್ ನೆಲ ತಟ್ಟೆಯ ಹಾಗೆ ಸಮ. ಅಕ್ಕ ಡ್ಯೂಟಿ ಮುಗಿಸಿ, ಬೆನ್ನಿಗೆ ತೊಗರಿಬೇಳೆ ಪ್ಯಾಕೆಟ್ ತುಂಬಿದ ಬ್ಯಾಗ್ ಹಾಕಿಕೊಂಡು, ಆಸ್ಪತ್ರೆಯ ಪಾರ್ಕಿಂಗ್ ಕಟ್ಟಡದ ಏಳು ಫ್ಲೋರ್ ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿಯುತ್ತಿದ್ದರು. ನನಗೆ ಮೆಸೇಜ್ ಬರುತ್ತಿತ್ತು: "ಇವತ್ತು ಎಪ್ಪತ್ತು ಫ್ಲೋರ್. ನೀನು?" ನನ್ನದು ಯಾವತ್ತೂ ಕಡಿಮೆಯೇ.

ಹಾಗಾಗಿ ಬೆಟ್ಟದಲ್ಲಿ ತೊಂದರೆಯಾದರೆ ಅದು ನನಗೇ ಎಂದು ಇಬ್ಬರೂ ನಂಬಿದ್ದೆವು. ಕುಸ್ಕೋ ಊರಿನಲ್ಲಿ ಎತ್ತರಕ್ಕೆ ಮೈ ಒಗ್ಗಲೆಂದು ಎರಡು ದಿನ ಇದ್ದಾಗ ಅಕ್ಕ ನನ್ನ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿ ಹಾಕಿ ನೋಡಿದರು. ನಡಿಗೆಯ ಮೊದಲ ದಿನ ನದಿಯ ಪಕ್ಕದ ಬಿಸಿಲಿನಲ್ಲಿ ಅವರೇ ಮುಂದೆ, ನಾನು ಹಿಂದೆ. ನಮ್ಮ ಗುಂಪಿನಲ್ಲಿ ಹತ್ತು ಜನ. ಗೈಡ್ ಆ ಬೆಟ್ಟದ ಕೆಳಗಿನ ಹಳ್ಳಿಯವನು, ನಲವತ್ತೈದರ ಆಸುಪಾಸು, ಮೆಲ್ಲಗೆ ಇಂಗ್ಲಿಷ್ ಮಾತಾಡುತ್ತಿದ್ದ. "ಮೊದಲು ಮುಟ್ಟಿದವರಿಗೆ ಇಲ್ಲಿ ಬಹುಮಾನವಿಲ್ಲ" ಎಂದು ಅಕ್ಕನನ್ನೇ ನೋಡಿ ಹೇಳಿದ. ಅಕ್ಕ ನಕ್ಕರು, ನಿಧಾನ ಮಾಡಲಿಲ್ಲ.

ಆ ಸಂಜೆ ಟೆಂಟಿನಲ್ಲಿ ಅವರು ಸೂಪ್ ಮುಟ್ಟಲಿಲ್ಲ. ಬಿಸಿಲಿಗೆ ತಲೆನೋವು ಎಂದರು. ಬೆಳಿಗ್ಗೆ ನಾನು ಹಲ್ಲುಜ್ಜಲು ಹೋದಾಗ ಟೆಂಟಿನ ಹಿಂದೆ ಬಗ್ಗಿ ನಿಂತು ವಾಂತಿ ಮಾಡುತ್ತಿದ್ದರು.

"ಅಕ್ಕ, ಗೈಡ್‌ಗೆ ಹೇಳೋಣ."

"ಏನೂ ಹೇಳಬ್ಯಾಡ. ಖಾಲಿ ಹೊಟ್ಟಿ, ಅಷ್ಟ. ಡಾಕ್ಟರ್ ನಾನೋ ನೀನೋ?"

ಗೈಡ್ ಎಲ್ಲರ ಬೆರಳಿಗೂ ಕ್ಲಿಪ್ ಹಾಕಿ ನೋಡಿಕೊಂಡು ಬರುತ್ತಿದ್ದ. ಅಕ್ಕ ತಮ್ಮದೇ ಕ್ಲಿಪ್ ತೋರಿಸಿ, ಈಗಷ್ಟೇ ನೋಡಿಕೊಂಡೆ, ಎಂಬತ್ತೆಂಟು ಇದೆ, ಈ ಎತ್ತರಕ್ಕೆ ಅಷ್ಟು ಸಾಕು ಎಂದರು. ಆತ ಡಾಕ್ಟರ್ ಮಾತು ನಂಬಿದ. ಅವರು ನೋಡಿಕೊಂಡಿದ್ದನ್ನು ನಾನು ಕಂಡಿರಲಿಲ್ಲ. ಆದರೂ ಸುಮ್ಮನಿದ್ದೆ.

ಎರಡನೆಯ ದಿನವೇ ಆ ಟ್ರೆಕ್ಕಿನ ಅತಿ ದೊಡ್ಡ ಏರು. ನಾಲ್ಕು ಸಾವಿರದ ಇನ್ನೂರು ಮೀಟರ್ ಎತ್ತರದ ತುದಿಯನ್ನು ದಾಟಬೇಕು. ಆ ತುದಿಗೆ ಅಲ್ಲಿಯವರು ಇಟ್ಟ ಹೆಸರಿಗೆ ಸತ್ತ ಹೆಂಗಸು ಎಂದು ಅರ್ಥ. ಕೆಳಗಿನಿಂದ ನೋಡಿದರೆ ಮಲಗಿದ ಹೆಂಗಸಿನ ಹಾಗೆ ಕಾಣುತ್ತದಂತೆ. ಕಾಡು ಮುಗಿಯುವವರೆಗೂ ಅಕ್ಕ ನನ್ನ ಮುಂದೆಯೇ ಇದ್ದರು. ಆಮೇಲೆ ನನ್ನ ಜೊತೆಗೆ, ಆಮೇಲೆ ಹಿಂದೆ. ಮರಗಳೆಲ್ಲ ಮುಗಿದು ಬರೀ ಹುಲ್ಲು ಇರುವ ಬಯಲಿನಲ್ಲಿ ಎಲ್ಲರೂ ಕೂತು ಟೀ ಕುಡಿಯುತ್ತಿದ್ದೆವು. ಅಕ್ಕ ಹತ್ತಿಕೊಂಡು ಬಂದು, ಕೂರದೆ, ನನ್ನ ಭುಜ ಹಿಡಿದು ಕೇಳಿದರು:

"ಇನ್ನೂ ಎಷ್ಟು ಫ್ಲೋರ್ ಅವ?"

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದರು. ಜಾಕೆಟ್‌ನ ಗುಂಡಿಗಳು ಒಂದು ಬಿಟ್ಟು ಒಂದಕ್ಕೆ ಸಿಕ್ಕಿಕೊಂಡಿದ್ದವು. ಎಡಗೈ ಗ್ಲೌಸನ್ನು ಬಲಗೈಗೆ ಹಾಕಲು ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದರು.

ನಾನು ಎದ್ದು ಹೋಗಿ ಗೈಡ್‌ಗೆ ಎಲ್ಲ ಹೇಳಿದೆ: ತಲೆನೋವು, ವಾಂತಿ, ಬೆಳಿಗ್ಗೆ ಅವರು ಕ್ಲಿಪ್ ಹಾಕಿಕೊಂಡಿದ್ದನ್ನು ನಾನು ಕಂಡಿಲ್ಲವೆಂಬುದು, ಫ್ಲೋರ್ ಕೇಳಿದ್ದು. ಆತ ಟೀ ಲೋಟ ಕೆಳಗಿಟ್ಟು ಬಂದು, ನೆಲದ ಮೇಲೆ ಕೋಲಿನಿಂದ ಗೆರೆ ಎಳೆದು, ಹಿಮ್ಮಡಿಗೆ ಬೆರಳು ತಾಗಿಸಿಕೊಂಡು ಅದರ ಮೇಲೆ ನಡೆಯಲು ಅಕ್ಕನಿಗೆ ಹೇಳಿದ. ಅವರು ಮೂರನೆಯ ಹೆಜ್ಜೆಗೆ ವಾಲಿದರು. ಕ್ಲಿಪ್ ಹಾಕಿದ. ಅರವತ್ತೊಂಬತ್ತು. ಕೂಡಲೇ ಆಕ್ಸಿಜನ್ ಬಾಟಲಿ ತರಿಸಿದ. ಎತ್ತರ ಮೆದುಳಿಗೆ ತೊಂದರೆ ಮಾಡಿದೆ, ಅವರು ಈಗಲೇ ಕೆಳಗಿಳಿಯಬೇಕು, ಸಹಾಯಕ ಗೈಡ್ ಮತ್ತು ಒಬ್ಬ ಪೋರ್ಟರ್ ಕರೆದುಕೊಂಡು ಹೋಗುತ್ತಾರೆ ಎಂದ.

ಅಕ್ಕ ನನ್ನ ಕಡೆ ತಿರುಗಿದರು. ಎಲ್ಲರ ಮುಂದೆ, ಆದರೆ ಕನ್ನಡದಲ್ಲಿ, "ಯಾಕ ಹೇಳಿದಿ? ನಿನಗ್ಯಾರು ಕೇಳಿದ್ರು?" ಎಂದರು.

"ಅಕ್ಕ, ನಾನೂ ಬರ್ತೀನಿ ಕೆಳಗೆ."

"ನೀ ಬರಬ್ಯಾಡ. ನಿನ್ನ ಮಾರಿ ನೋಡ್ಕೋತ ಇಳಿಯೂದು ನನಗ ಬ್ಯಾಡ. ಹೋಗು ಮ್ಯಾಲೆ."

ಗೈಡ್ ನನ್ನನ್ನು ಪಕ್ಕಕ್ಕೆ ಕರೆದ. ಜೊತೆಗೆ ಹೋಗುವುದಾದರೆ ಹೋಗಬಹುದು, ಹೋಗದಿದ್ದರೂ ತಪ್ಪಿಲ್ಲ, ಕರೆದೊಯ್ಯುವವನು ಅನುಭವಸ್ಥ, ಇಳಿದಂತೆ ಸರಿಹೋಗುವುದೇ ಹೆಚ್ಚು. ಆದರೆ ಈಗಲೇ ನಿರ್ಧಾರ ಮಾಡಬೇಕು ಎಂದ. ಅಕ್ಕ ಆಗಲೇ ಸಹಾಯಕನ ಬೆನ್ನಿನ ಬ್ಯಾಗಿನ ಪಟ್ಟಿ ಹಿಡಿದು ಇಳಿಯಲು ಶುರು ಮಾಡಿದ್ದರು. ತಿರುಗಿ ನೋಡಲಿಲ್ಲ. ನಾನು ಮೇಲಕ್ಕೆ ಹೋಗುವ ದಾರಿ ಹಿಡಿದೆ.

"ಅವರೇ ಬೇಡ ಅಂದ್ರು" ಎಂದು ಆಮೇಲೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಅವರು ಬೇಡ ಎಂದ ಕೂಡಲೇ ನನ್ನ ಎದೆಯಲ್ಲಿ ಏನೋ ಹಗುರವಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ಏಳು ತಿಂಗಳು ಕಾದಿದ್ದೆ. ಮಗಳ ಸ್ಕೂಲು, ಆಫೀಸಿನ ಗಡುವು, ಅತಿಥಿಗಳು ಎಂದು ಯಾವುದನ್ನೂ ಪೂರ್ತಿ ನನಗಾಗಿ ಮಾಡಿಕೊಂಡವಳಲ್ಲ. ತುದಿ ಅಲ್ಲೇ ಕಾಣುತ್ತಿತ್ತು. ನನಗೆ ಹೋಗಬೇಕಿತ್ತು, ಹೋದೆ.

ತುದಿಯಲ್ಲಿ ಎಲ್ಲರೂ ಅಪ್ಪಿಕೊಂಡು ಫೋಟೋ ತೆಗೆಸಿಕೊಂಡರು. ಗಾಳಿ ಎಷ್ಟು ಜೋರಿತ್ತೆಂದರೆ ಕಣ್ಣಲ್ಲಿ ನೀರು ಬಂದರೆ ಅದು ಯಾವುದರ ನೀರೆಂದು ಯಾರೂ ಕೇಳುವ ಹಾಗಿರಲಿಲ್ಲ. ಸಂಜೆ ಗೈಡ್‌ನ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂತು: ಕೆಳಗಿನ ಊರಿನ ಕ್ಲಿನಿಕ್ಕಿಗೆ ತೋರಿಸಿದ್ದಾಗಿದೆ, ಸೂಪ್ ಕುಡಿದಿದ್ದಾರೆ, ಸರಿಯಾಗಿ ಮಾತಾಡುತ್ತಿದ್ದಾರೆ. ನಾಳಿದ್ದು ರೈಲಿನಲ್ಲಿ, ಬಸ್ಸಿನಲ್ಲಿ ಮಾಚು ಪಿಚುಗೇ ಬರುತ್ತಾರಂತೆ, ಅದು ಅಷ್ಟು ಎತ್ತರವಲ್ಲ. ನಾನು ಟೆಂಟಿಗೆ ಹೋದೆ. ಇಬ್ಬರಿಗೆ ಹಾಸುವ ಜಾಗದಲ್ಲಿ ಯಾರೋ ಒಂದೇ ಹಾಸಿಗೆ ಹಾಸಿದ್ದರು.

ಮೂರನೆಯ ದಿನ ದಾರಿಯುದ್ದಕ್ಕೂ ಪಾಳುಗಳು. ಬೆಟ್ಟದ ಬದಿಗೆ ಗುಂಡಗೆ ಕಟ್ಟಿದ ಒಂದು ಕಲ್ಲುಮನೆಯಲ್ಲಿ ನಿಲ್ಲಿಸಿ, ಇದು ದಾರಿಹೋಕರು ತಂಗುತ್ತಿದ್ದ ಜಾಗವಿರಬೇಕು ಎಂದು ಗೈಡ್ ಹೇಳಿದ. ಸೂರಿಲ್ಲ. ಗೋಡೆಯಲ್ಲಿ ನಮ್ಮ ಕಡೆಯ ಹಳೆಮನೆಗಳ ಗೂಡಿನಂಥ ಗೂಡುಗಳು. ಸುಣ್ಣ ಗಾರೆ ಏನೂ ಇಲ್ಲದೆ ಕಲ್ಲಿಗೆ ಕಲ್ಲು ಕೂತಿತ್ತು. ಇಲ್ಲಿ ಕೂತವರು ತಮ್ಮ ಹಿಂದೆ ಬಿದ್ದವರಿಗಾಗಿ ಕಾಯುತ್ತಿದ್ದರೋ, ಬೆಳಗಾಗುತ್ತಲೇ ಎದ್ದು ನಡೆಯುತ್ತಿದ್ದರೋ? ಗುಂಪಿನವರು ಮುಂದೆ ಹೋದ ಮೇಲೂ ಆ ಗೂಡಿನ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.

ನಾಲ್ಕನೆಯ ಬೆಳಿಗ್ಗೆ ಸೂರ್ಯನ ಬಾಗಿಲು ಎನ್ನುವ ಜಾಗದಿಂದ ಮಾಚು ಪಿಚು ಕಾಣಬೇಕಿತ್ತು. ಬರೀ ಮಂಜು. ಇಳಿದು ಗೇಟಿನ ಹತ್ತಿರ ಬಂದಾಗ ಬಸ್ಸಿನಿಂದ ಇಳಿದವರ ಸಾಲಿನಲ್ಲಿ ಅಕ್ಕ ನಿಂತಿದ್ದರು. ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿ, ಇಸ್ತ್ರಿ ಮಾಡಿದ ಹಾಗಿದ್ದ ಬಟ್ಟೆ ಹಾಕಿಕೊಂಡಿದ್ದರು. ನಾನು ನಾಲ್ಕು ದಿನದ ಮಣ್ಣಿನಲ್ಲಿದ್ದೆ.

"ಬಂದಿ?"

"ಬಂದೆ ಅಕ್ಕ. ಹೇಗಿದ್ದೀರಿ?"

"ಛಲೋ ಇದ್ದೀನಿ. ತಿಂಡಿ ಆತೇನು?"

ಅಷ್ಟೇ. ಒಳಗೆ ಹೋದ ಮೇಲೆ ನನ್ನ ಮಂಡಿಗಳು ಕೈಕೊಟ್ಟವು. ಅವರು ನನ್ನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿ, ಒಂದು ಜಗಲಿಯ ಅಂಚಿನಲ್ಲಿ ಕೂರಿಸಿದರು. ಮಂಜು ಒಡೆದು ಕೆಳಗೆ ಗೋಡೆಗಳು ಕಾಣತೊಡಗಿದ್ದವು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು.

"ಗೈಡ್‌ಗೆ ಹೇಳಿದ್ದು ಛಲೋ ಮಾಡಿದಿ" ಎಂದರು ಅಕ್ಕ. "ನಾ ಆಗ ಬೈದೆ. ಅದು ತಪ್ಪು."

ನಾನು ಏನೋ ಹೇಳಲು ಹೊರಟೆ. ಅವರು ಇನ್ನೂ ಮುಗಿಸಿರಲಿಲ್ಲ.

"ಆದ್ರ ಒಂದು ಹೇಳು. ನನ್ನ ತಲಿ ನೆಟ್ಟಗಿಲ್ಲ ಅಂತ ಅವಗ ಹೇಳಿದಾಕಿ ನೀನ. ಆಮ್ಯಾಲೆ ಅದ ತಲಿ 'ಬರಬ್ಯಾಡ' ಅಂದ್ರ, ಅದನ್ನ ಹೆಂಗ ಕೇಳಿದಿ?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿ ಕೇಳುತ್ತಿದ್ದರು.

"ನಂಗೆ ಮೇಲೆ ಹೋಗ್ಬೇಕಿತ್ತು ಅಕ್ಕ" ಎಂದೆ. "ನೀವು ಬೇಡ ಅಂದಿದ್ದು ನಂಗೆ ಅನುಕೂಲ ಆಯ್ತು. ತಪ್ಪು ಮಾಡ್ದೆ."

ಅವರು ತಾವು ಇಳಿದ ಆ ದಾರಿಯ ಬಗ್ಗೆ ಹೇಳಿದರು. ನೂರರಲ್ಲಿ ಏಳು ಕಳೆದರೆ ಎಷ್ಟು ಎಂದು ತಮ್ಮನ್ನು ತಾವೇ ಕೇಳಿಕೊಂಡರಂತೆ, ತಲೆ ಸರಿಯಿದೆಯೇ ಎಂದು ನೋಡಲು ರೋಗಿಗಳಿಗೆ ಕೇಳುವ ಪ್ರಶ್ನೆ ಅದು. ಉತ್ತರ ಹೊಳೆಯಲಿಲ್ಲವಂತೆ. ಸಹಾಯಕ ಗೈಡ್‌ಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆತ ಏನೋ ಗುನುಗುತ್ತಾ ಮುಂದೆ ನಡೆದನಂತೆ, ಇವರು ಅವನ ಬ್ಯಾಗಿನ ಪಟ್ಟಿ ಬಿಡದೆ ಹಿಂದೆ. "ದಿನಾ ಬೆಳಗಾದ್ರ ಜನಾ ನನ್ನ ಕೈ ಹಿಡದು, ನಾ ಏಳೂತನಕ ಇಲ್ಲೇ ಇರ್ತೀರಲ್ಲ ಡಾಕ್ಟರ್ ಅಂತಾರ. ಹೂಂ ಅಂತೀನಿ. ಅದು ಏನು ಮಾತು ಅಂತ ಮೊನ್ನೆ ತಿಳೀತು ನೋಡು." ಕೆಳಗಿನ ಗೋಡೆಗಳನ್ನು ನೋಡುತ್ತಲೇ, "ನನಗೂ ಮ್ಯಾಲೆ ಹೋಗಬೇಕಿತ್ತು. ಅದಕ್ಕ ಮುಂಜಾನೆ ಸುಳ್ಳು ಹೇಳಿದೆ. ಎಪ್ಪತ್ತೆರಡು ಇತ್ತು" ಎಂದರು.

ಮಧ್ಯಾಹ್ನದವರೆಗೆ ಆ ಪಾಳೂರನ್ನೆಲ್ಲ ಸುತ್ತಿದೆವು. ಅವರಿಗೆ ಕಲ್ಲಿನ ಕಾಲುವೆಗಳಲ್ಲಿ ಇನ್ನೂ ಹರಿಯುತ್ತಿದ್ದ ನೀರು ಬಹಳ ಹಿಡಿಸಿತು. ಪ್ರತಿಯೊಂದು ತೂಬಿನ ಹತ್ತಿರವೂ ಬಗ್ಗಿ ನೋಡಿದರು.

ಟೆಕ್ಸಸ್‌ಗೆ ವಾಪಸ್ಸಾದ ಮೇಲೆ ನಾವೇನೂ ಅಕ್ಕತಂಗಿಯರಾಗಲಿಲ್ಲ. ಆದರೆ ಈಗ ಶನಿವಾರ ಬೆಳಿಗ್ಗೆ ಫೋನ್ ಮಾಡುತ್ತಾರೆ, ಕೆಲವು ಸಲ ನಾನೇ ಮಾಡುತ್ತೇನೆ. ಆ ವರ್ಷದ ದೀಪಾವಳಿ ಹ್ಯೂಸ್ಟನ್‌ನಲ್ಲಿ. ಊಟದ ಮಧ್ಯೆ ಭಾವನವರು, "ಅಂತೂ ನೀವೊಬ್ಬರಾದ್ರೂ ಪೂರ್ತಿ ಮಾಡಿದ್ರಲ್ಲ" ಎಂದು ನನ್ನನ್ನು ಹೊಗಳಿದರು. ನನ್ನ ಗಂಡ ಫೋಟೋ ತೋರಿಸಲು ಫೋನ್ ತೆಗೆದರು. ನಾನು ತಟ್ಟೆಯ ಕಡೆ ನೋಡುತ್ತಾ, "ಅಕ್ಕನ್ನ ಆ ಸ್ಥಿತೀಲಿ ಬಿಟ್ಟು ಹೋಗಿದ್ದೆ ನಾನು. ಜೊತೆಗೆ ಇಳೀಬೇಕಿತ್ತು" ಎಂದೆ. ಅಲ್ಲಿಯವರೆಗೆ ಇಬ್ಬರು ಗಂಡಸರಿಗೂ ಅಷ್ಟು ಗೊತ್ತಿರಲಿಲ್ಲ. ನನ್ನ ಗಂಡ ಫೋನನ್ನು ಕೆಳಗಿಟ್ಟರು. ಅಕ್ಕ ನನ್ನ ಪರ ಮಾತಾಡಲಿಲ್ಲ, ವಿರುದ್ಧವೂ ಮಾತಾಡಲಿಲ್ಲ. ಹೋಳಿಗೆಯ ಪಾತ್ರೆಯನ್ನು ನನ್ನ ಕಡೆಗೆ ಸರಿಸಿ, ತುಪ್ಪ ತರಲು ಎದ್ದು ಒಳಗೆ ಹೋದರು.