ಮುಖ ತಿರುಗಿಸುವ ವಿದ್ಯೆ

ಮೊನ್ನೆ ಪಲ್ಯಕ್ಕೆಂದು ಆಲೂಗಡ್ಡೆ ಹೆಚ್ಚುತ್ತಿದ್ದೆ. ಹಸಿ ಆಲೂಗಡ್ಡೆಯ ಆ ಮಣ್ಣುಮಣ್ಣು ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ನಮ್ಮ ಗಲ್ಲಿಯ ವೆಲ್ಡಿಂಗ್ ಉಸ್ತಾದರ ಮನೆಯ ವಾಸನೆ ಅದು...

ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಅರ್ಧ ಜನ ಅವರ ಕೈಯಲ್ಲಿ ಪಳಗಿದವರು. ಕೆಲಸ ಮುಗಿಸಿ ಬಂದರೆ ಕಣ್ಣ ಮೇಲೆ ಆಲೂಗಡ್ಡೆಯ ಬಿಲ್ಲೆ ಇಟ್ಟುಕೊಂಡು ಅಂಗಳದ ಮಂಚದಲ್ಲಿ ಮಲಗುತ್ತಿದ್ದರು. ವೆಲ್ಡಿಂಗಿನ ಬೆಳಕು ಬರಿಗಣ್ಣಿಗೆ ಬಿದ್ದರೆ ಮರಳು ಸುರಿದಂತಾಗುತ್ತದೆ. ಅದಕ್ಕೆ ಅವರೆಲ್ಲರ ಔಷಧಿ ಇದೇ. ಕಬ್ಬಿಣಕ್ಕೆ ಸಣ್ಣ ಟಾಕಾ, ಅಂದರೆ ಚುಕ್ಕಿಯಷ್ಟು ಬೆಸುಗೆ, ಹಾಕುವಾಗ ಉಸ್ತಾದರು ಕಣ್ಣಿಗೆ ಕರಿಗಾಜು ಹಿಡಿಯುತ್ತಿರಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದರು, ಅಷ್ಟೇ. ಅದನ್ನೇ ನಾವು ದೊಡ್ಡ ವಿದ್ಯೆ ಅಂದುಕೊಂಡಿದ್ದೆವು.

ನಾನಾಗ ಮಿಲ್ಲಿನಲ್ಲಿ ತೊಗರಿಬೇಳೆ ಆರಿಸುತ್ತಿದ್ದೆ. ಸಾಕಾಗಿ ಹೋಗಿತ್ತು. ವೆಲ್ಡಿಂಗ್ ಕಲಿಯುತ್ತೇನೆ ಅಂದಾಗ ಅಣ್ಣ ಮೊದಲು ನಕ್ಕ, ಆಮೇಲೆ ರೇಗಿದ, ಕಡೆಗೆ ಷರತ್ತು ಹಾಕಿದ. ಒಂದೇ ಸಲ, ಒಂದೇ ಕಡೆ. ಕೈಗೋ ಕಣ್ಣಿಗೋ ಏನಾದರೂ ಮಾಡಿಕೊಂಡು ಬಂದರೆ ಮತ್ತೆ ಮಿಲ್ಲೇ ಗತಿ. ವೆಲ್ಡಿಂಗ್ ರಾಡನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದೂ ಗೊತ್ತಿಲ್ಲದ ನಾನು ಕಲಿಯುವ ಜಾಗವನ್ನು ತಪ್ಪಿಲ್ಲದಂತೆ ಆರಿಸಬೇಕಿತ್ತು.

ಉಸ್ತಾದರನ್ನೇ ಕೇಳಿದೆ.

"ನನ್ನ ಕಡಿ ಬ್ಯಾಡ ಬೇಟಿ," ಅಂದರು. ಕಾರಣ ಹೇಳಲಿಲ್ಲ. ಹೆಣ್ಣೆಂದು ಸಸಾರ ಮಾಡಿದರು ಅಂತ ನನಗೆ ಮೈಯೆಲ್ಲ ಉರಿಯಿತು.

ಉಳಿದದ್ದು ಎರಡು ಜಾಗ. ತಾಂಡೂರಿನಲ್ಲಿ ಒಂದು ಕ್ಲಾಸು. ಎರಡು ಬಸ್ಸು ಬದಲಿಸಿ ಹೋದರೆ ಮೊದಲ ವಾರ ಬೆಂಕಿಯೇ ಮುಟ್ಟಿಸುವುದಿಲ್ಲ, ಸುಮ್ಮನೆ ಕೂತು ನೋಡಬೇಕು. ಇನ್ನೊಂದು ನಮ್ಮ ಹೈವೇ ಬದಿಯ ಶೆಡ್ಡು. ಅಲ್ಲಿ ಮೊದಲ ದಿನವೇ ರಾಡು ಕೈಗೆ. ಶೆಡ್ಡಿನ ಮಾಸ್ತರ ಉಸ್ತಾದರ ಶಿಷ್ಯನೇ. ತಾಂಡೂರಿಗೆ ಯಾರು ಹೋಗುತ್ತಾರೆ? ಶೆಡ್ಡಿಗೆ ಹೊರಟೆ. ಕರೆಯದಿದ್ದರೂ ಉಸ್ತಾದರು ಹಿಂದೆಯೇ ಬಂದರು.

ಅಲ್ಲಿ ಕಲಿಯುವವರು ಆರು ಜನ, ಕರಿಗಾಜು ಎರಡು. ಮಾಸ್ತರ ನನ್ನ ಕೈಗೆ ರಾಡಿನ ಹಿಡಿ ಕೊಟ್ಟ.

"ಗಾಜ್ ಖಾಲಿ ಇಲ್ರಿ. ಸಣ್ಣ ಟಾಕಾ ಅದ, ಮಾರಿ ಆ ಕಡಿ ತಿರುವಿ ಹಚ್ರಿ. ಇವತ್ತ ಆಗಂಗಿಲ್ಲಂದ್ರ ನಿಮ್ಮ ಜಾಗಾ ಬ್ಯಾರೆದವರಿಗಿ ಹೋಗ್ತದ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಿಂದೆ ಸರಿದರೆ ನಗುತ್ತಾರೆ, ಅಣ್ಣನಿಗೂ ಗೊತ್ತಾಗುತ್ತದೆ. ಮುಖ ತಿರುಗಿಸಿದೆ. ರಾಡು ಕಬ್ಬಿಣಕ್ಕೆ ತಾಕಲು ಬೆರಳಗಲ ಉಳಿದಿತ್ತು. ಆಗ ಉಸ್ತಾದರು ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

"ಹಚ್ಚಬ್ಯಾಡ."

ಮಾಸ್ತರ ನಕ್ಕ. "ಉಸ್ತಾದ್, ಇದು ನೀವೇ ಕಲಿಸಿದ್ದಲ್ರೀ?"

ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹೋಯಿತು. ಅದರ ಸದ್ದು ಅಡಗುವವರೆಗೂ ಉಸ್ತಾದರು ನನ್ನ ಕೈ ಬಿಡಲಿಲ್ಲ.

"ಹೌದು, ನಾನೇ ಕಲಸೀನಿ. ತಪ್ಪು ಕಲಸೀನಿ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಕಿವಿ ಕಾಣ್ತಾವ ಬೇಟಿ. ಮಾರಿ ಕಾಣವಲ್ದು. ವರ್ಷ ಆತು."

ಅವರು ಯಾಕೆ ಕಲಿಸಲಿಲ್ಲವೆಂದು ಆಗ ತಿಳಿಯಿತು. ಆ ಬೆಳಕಿಗೆ ಅವರ ನೋಟದ ನಡುಭಾಗವೇ ಸುಟ್ಟುಹೋಗಿ ಅಂಚಷ್ಟೇ ಉಳಿದಿತ್ತು. ವರ್ಷದಿಂದ ಸದ್ದು ಕೇಳಿ, ಹೆಬ್ಬೆರಳಿನಿಂದ ಸವರಿ ಕೆಲಸ ಮಾಡುತ್ತಿದ್ದರು. ಯಾರಿಗೂ ಸುಳಿವು ಕೊಟ್ಟಿರಲಿಲ್ಲ. ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಆಮೇಲೆ ಅವರನ್ನು ಕೆಲಸಕ್ಕೆ ಕರೆದವರಿಲ್ಲ. ಹೀಗಾಗುತ್ತದೆ ಅಂತ ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಿತ್ತು. ಅಂಥವರ ಮೇಲೆ ಸಿಟ್ಟಾಗಿದ್ದೆನಲ್ಲ ಅಂತ ಈಗಲೂ ನಾಚಿಕೆಯಾಗುತ್ತದೆ.

ತಾಂಡೂರಿಗೇ ಹೋದೆ. ಅಣ್ಣ ಬಸ್ಸಿನ ದೂರಕ್ಕೆ ಗೊಣಗಿದ, ಬೇಡ ಅನ್ನಲಿಲ್ಲ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕರಿಗಾಜಿತ್ತು. ತಿಂಗಳಾದ ಮೇಲೆ ನಾನು ಬೆಸೆದ ಮೊದಲ ಪಟ್ಟಿಯನ್ನು ತಂದು ಉಸ್ತಾದರ ಕೈಗಿಟ್ಟೆ. ಹೆಬ್ಬೆರಳು ಬೆಸುಗೆಯ ಮೇಲೆ ನಿಧಾನಕ್ಕೆ ಸರಿಯುತ್ತ ಹೋಗಿ ನಡುವೆ ನಿಂತಿತು.

"ಇಲ್ಲಿ ಕೈ ನಡುಗೇದ," ಅಂದರು.

ನಡುಗಿತ್ತು, ಅಲ್ಲೇ...

ಉಸ್ತಾದರು ತೀರಿಹೋಗಿ ಎರಡು ವರ್ಷವಾಯಿತು. ನಾನೀಗ ಗೇಟು, ಕಿಟಕಿ, ಟ್ರಾಲಿ ಎಲ್ಲ ಕಟ್ಟುತ್ತೇನೆ. ಎಷ್ಟು ಸಣ್ಣ ಟಾಕಾ ಆದರೂ ಗಾಜಿಲ್ಲದೆ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಆಲೂಗಡ್ಡೆ ಪಲ್ಯಕ್ಕಷ್ಟೇ. ಕೆಲಸ ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ. ಕೈ ಎಲ್ಲಿ ನಡುಗಿತು ಅಂತ ಹೇಳುವವರು ಮಾತ್ರ ಯಾರೂ ಉಳಿದಿಲ್ಲ.